ಕುಲಪತಿಯ ವರದಿ ಮತ್ತು ಹುನಗುಂದದ ಲೆಕ್ಕ: ಬಾಗಲಕೋಟೆ ಜಿಲ್ಲೆಯಲ್ಲಿ ವಿಶ್ವವಿದ್ಯಾಲಯ ಹಾಗೂ ಜನಸಮುದಾಯದ ನಂಟು

ಘಟಿಕೋತ್ಸವದ ವೇದಿಕೆಯಲ್ಲಿ ಪದವಿ ಪ್ರದಾನಕ್ಕೆ ಮುನ್ನ ಕುಲಪತಿಗಳು ತಮ್ಮ ವಿಶ್ವವಿದ್ಯಾಲಯದ ಸಾಧನೆಯ ವರದಿ ಮಂಡಿಸುವುದು ಕರ್ನಾಟಕದಲ್ಲಿ ರೂಢಿಯಾಗಿ ಬಂದಿದೆ. ವರದಿಯ ಮೊದಲ ಭಾಗ ಆವರಣದ ಬದುಕಿಗೆ ಮೀಸಲು. ಪ್ರವೇಶ ಪಡೆದವರು, ತೇರ್ಗಡೆಯಾದವರು, ಹೊಸ ವಸತಿನಿಲಯ, ಗ್ರಂಥಾಲಯ, ಕ್ರೀಡಾ ಪ್ರಶಸ್ತಿ ಎಲ್ಲವೂ ಇಲ್ಲಿ ಬರುತ್ತವೆ. ಎರಡನೆಯ ಭಾಗ ಆವರಣದ ಹೊರಗಿನದು. ದತ್ತು ಪಡೆದ ಗ್ರಾಮ, ನಡೆಸಿದ ಶಿಬಿರ, ಸಹಿ ಹಾಕಿದ ಒಡಂಬಡಿಕೆ, ಏರ್ಪಡಿಸಿದ ಮೇಳಗಳ ಪಟ್ಟಿ ಅದರಲ್ಲಿರುತ್ತದೆ. ಮೊದಲ ಭಾಗದ ಲೆಕ್ಕವನ್ನು ವಿಶ್ವವಿದ್ಯಾಲಯವೇ ಇಡಬಲ್ಲದು. ಎರಡನೆಯ ಭಾಗದ ಲೆಕ್ಕ ಮಾತ್ರ ಹಳ್ಳಿಯ ಕಡೆಯಿಂದ ನೋಡದ ಹೊರತು ಪೂರ್ಣವಾಗುವುದಿಲ್ಲ.

ಬಾಗಲಕೋಟೆ ಜಿಲ್ಲೆಯ ಆಗ್ನೇಯ ಭಾಗದಲ್ಲಿರುವ ಹುನಗುಂದ ಇಂಥ ಲೆಕ್ಕಕ್ಕೆ ಒಳ್ಳೆಯ ನಿದರ್ಶನ. ಎರೆಭೂಮಿ, ಅಲ್ಪ ಮಳೆ, ಜೋಳ, ಕಡಲೆ, ಸೂರ್ಯಕಾಂತಿ, ಈರುಳ್ಳಿ, ದಾಳಿಂಬೆ ಬೆಳೆಯುವ ರೈತರು, ನೆರೆಯ ಇಳಕಲ್ಲಿನ ಸೀರೆ ಮಗ್ಗಗಳು ಮತ್ತು ಗ್ರಾನೈಟ್ ಗಣಿಗಳು, ಮಲಪ್ರಭೆಯು ಕೃಷ್ಣೆಯನ್ನು ಸೇರುವ ಕೂಡಲಸಂಗಮ ಇವೆಲ್ಲ ಈ ಸೀಮೆಯ ಗುರುತುಗಳು. ಈ ನೆಲಕ್ಕೆ ವಿಶ್ವವಿದ್ಯಾಲಯಗಳು ಎಷ್ಟರ ಮಟ್ಟಿಗೆ ಹತ್ತಿರವಾಗಿವೆ ಎಂಬುದು ಇಲ್ಲಿನ ಪ್ರಶ್ನೆ.

ವರದಿಯ ಕಾನೂನು ನೆಲೆ

ಕರ್ನಾಟಕದ ಸಾಮಾನ್ಯ ವಿಶ್ವವಿದ್ಯಾಲಯಗಳು ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮ, 2000ರ ಅಡಿಯಲ್ಲಿ ನಡೆಯುತ್ತವೆ. ರಾಜ್ಯಪಾಲರು ಕುಲಾಧಿಪತಿ. ದೈನಂದಿನ ಆಡಳಿತದ ಹೊಣೆ ಹೊತ್ತವರು ಕುಲಪತಿ. ಅವರ ಅಧಿಕಾರಾವಧಿ ನಾಲ್ಕು ವರ್ಷ. ಸಿಂಡಿಕೇಟ್ ಆಡಳಿತದ ವಿಷಯಗಳನ್ನೂ ವಿದ್ಯಾವಿಷಯಕ ಪರಿಷತ್ತು ಪಠ್ಯಕ್ರಮದ ವಿಷಯಗಳನ್ನೂ ನಿರ್ಣಯಿಸುತ್ತವೆ. ಸಿಂಡಿಕೇಟಿನ ನಿರ್ದೇಶನದಲ್ಲಿ ಸಿದ್ಧವಾಗುವ ವಾರ್ಷಿಕ ವರದಿಯು ಸರ್ಕಾರದ ಮೂಲಕ ವಿಧಾನಮಂಡಲಕ್ಕೆ ತಲುಪಬೇಕು. ಅಂದರೆ ಕುಲಪತಿಯ ವರದಿ ಕೇವಲ ಸಮಾರಂಭದ ಭಾಷಣವಲ್ಲ, ಸಾರ್ವಜನಿಕ ಹಣಕ್ಕೆ ಕೊಡುವ ಉತ್ತರವೂ ಹೌದು.

ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯಗಳಿಗೆ ಪ್ರತ್ಯೇಕ ಅಧಿನಿಯಮಗಳಿವೆ. ಅಲ್ಲಿ ಸಿಂಡಿಕೇಟಿನ ಬದಲು ವ್ಯವಸ್ಥಾಪನಾ ಮಂಡಳಿ ಇರುತ್ತದೆ. ಶಿಕ್ಷಣ, ಸಂಶೋಧನೆ, ವಿಸ್ತರಣೆ ಎಂಬ ಮೂರು ಕರ್ತವ್ಯಗಳನ್ನು ಅವುಗಳಿಗೆ ಆರಂಭದಿಂದಲೇ ವಿಧಿಸಲಾಗಿದೆ. ವಿಸ್ತರಣೆ ಎಂದರೆ ಪ್ರಯೋಗಾಲಯದಲ್ಲಿ ಕಂಡುಕೊಂಡದ್ದನ್ನು ರೈತರ ಹೊಲಕ್ಕೆ ಒಯ್ಯುವುದು ಮತ್ತು ಹೊಲದ ತೊಂದರೆಯನ್ನು ಪ್ರಯೋಗಾಲಯಕ್ಕೆ ತರುವುದು. ಸಾಮಾನ್ಯ ವಿಶ್ವವಿದ್ಯಾಲಯಕ್ಕೆ ಸಮುದಾಯದ ನಂಟು ಒಂದು ಹೆಚ್ಚುವರಿ ಚಟುವಟಿಕೆಯಾಗಿ ಉಳಿಯಬಹುದು. ತೋಟಗಾರಿಕಾ ವಿಶ್ವವಿದ್ಯಾಲಯಕ್ಕೆ ಅದು ಮೂಲ ಕೆಲಸದ ಮೂರನೆಯ ಒಂದು ಪಾಲು.

ಒಂದೇ ಸೀಮೆ, ಹಲವು ವಿಶ್ವವಿದ್ಯಾಲಯಗಳು

ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಮುಂಬಯಿಯಲ್ಲಿ ಸ್ಥಾಪನೆಯಾಗಿ 1950ರಲ್ಲಿ ಧಾರವಾಡಕ್ಕೆ ಬಂದಿತು. ಅಂದಿನ ಬಿಜಾಪುರ ಜಿಲ್ಲೆಗೆ ಸೇರಿದ್ದ ಹುನಗುಂದದ ಪದವೀಧರರಿಗೆ ದಶಕಗಳ ಕಾಲ ಧಾರವಾಡವೇ ವಿದ್ಯೆಯ ರಾಜಧಾನಿಯಾಗಿತ್ತು. 1997ರಲ್ಲಿ ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದ ಮೇಲೂ ಈ ಸಂಬಂಧ ಮುಂದುವರಿಯಿತು. 2010ರಲ್ಲಿ ಬೆಳಗಾವಿಯ ಸ್ನಾತಕೋತ್ತರ ಕೇಂದ್ರವನ್ನು ಮೇಲ್ದರ್ಜೆಗೇರಿಸಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವನ್ನು ರೂಪಿಸಿದಾಗ ಬೆಳಗಾವಿ, ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಕಾಲೇಜುಗಳು ಅದರ ವ್ಯಾಪ್ತಿಗೆ ಬಂದವು. 2022ರ ತಿದ್ದುಪಡಿ ಕಾಯಿದೆಯ ಮೂಲಕ ರೂಪುಗೊಂಡ ಏಳು ಹೊಸ ವಿಶ್ವವಿದ್ಯಾಲಯಗಳಲ್ಲಿ ಜಮಖಂಡಿಯನ್ನು ಕೇಂದ್ರವಾಗಿಸಿಕೊಂಡ ಬಾಗಲಕೋಟೆ ವಿಶ್ವವಿದ್ಯಾಲಯವೂ ಒಂದು. ಅದು 2023ರ ಮಾರ್ಚ್‌ನಲ್ಲಿ ಉದ್ಘಾಟನೆಗೊಂಡಿತು.

ವೃತ್ತಿಶಿಕ್ಷಣದ ದಾರಿಗಳು ಬೇರೆ. ಎಂಜಿನಿಯರಿಂಗ್ ಕಾಲೇಜುಗಳು 1998ರಲ್ಲಿ ಸ್ಥಾಪನೆಯಾದ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ, ವೈದ್ಯಕೀಯ ಮತ್ತು ಆಯುರ್ವೇದ ಕಾಲೇಜುಗಳು 1996ರ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ, ಕಾನೂನು ಕಾಲೇಜುಗಳು 2009ರಲ್ಲಿ ಆರಂಭವಾದ ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯಕ್ಕೆ ಸಂಯೋಜನೆಗೊಂಡಿವೆ. ಉತ್ತರ ಕರ್ನಾಟಕದ ಮಹಿಳಾ ಕಾಲೇಜುಗಳಿಗಾಗಿ 2003ರಲ್ಲಿ ವಿಜಯಪುರದಲ್ಲಿ ಮಹಿಳಾ ವಿಶ್ವವಿದ್ಯಾಲಯ ಆರಂಭವಾಯಿತು. ಹೀಗಾಗಿ ಒಂದೇ ಮನೆಯ ನಾಲ್ವರು ಮಕ್ಕಳು ನಾಲ್ಕು ಬೇರೆ ಬೇರೆ ಕುಲಪತಿಗಳ ವಿದ್ಯಾರ್ಥಿಗಳಾಗಿರುವುದು ಇಲ್ಲಿ ಅಸಹಜವಲ್ಲ.

ಭೂಪಟವನ್ನು ನೋಡಿದರೆ ಇನ್ನೊಂದು ಸಂಗತಿ ತಿಳಿಯುತ್ತದೆ. ಜಮಖಂಡಿ ಜಿಲ್ಲೆಯ ವಾಯವ್ಯದಲ್ಲಿದೆ, ಹುನಗುಂದ ಅದರ ಎದುರು ಮೂಲೆಯಲ್ಲಿದೆ. ಸ್ವಂತ ಜಿಲ್ಲೆಯ ವಿಶ್ವವಿದ್ಯಾಲಯಕ್ಕೆ ಹೋಗಲು ಹುನಗುಂದದ ವಿದ್ಯಾರ್ಥಿ ಬಾಗಲಕೋಟೆಯನ್ನು ಹಾಯ್ದು ಇಡೀ ಜಿಲ್ಲೆಯನ್ನು ದಾಟಬೇಕು. ಪಕ್ಕದ ಜಿಲ್ಲೆಯ ವಿಜಯಪುರಕ್ಕಾದರೋ ರಾಷ್ಟ್ರೀಯ ಹೆದ್ದಾರಿಯಲ್ಲಿ ನೇರ ದಾರಿಯಿದೆ. ಜಿಲ್ಲೆಗೊಂದು ವಿಶ್ವವಿದ್ಯಾಲಯ ಎಂಬ ಮಾತು ಎಲ್ಲ ತಾಲ್ಲೂಕುಗಳಿಗೂ ಒಂದೇ ಅರ್ಥ ಕೊಡುವುದಿಲ್ಲ.

ಮೊದಲು ಬಂದದ್ದು ಸಂಘ

ವಿಶ್ವವಿದ್ಯಾಲಯಗಳು ಸಮುದಾಯದ ಬಳಿಗೆ ಬರುವ ಮೊದಲೇ ಸಮುದಾಯ ವಿದ್ಯಾಸಂಸ್ಥೆಗಳನ್ನು ಕಟ್ಟಿಕೊಂಡದ್ದು ಈ ಸೀಮೆಯ ವೈಶಿಷ್ಟ್ಯ. ಬಾಗಲಕೋಟೆಯ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ 1906ರಲ್ಲಿ, ವಿಜಯಪುರದ ಬಿ.ಎಲ್.ಡಿ.ಇ. ಸಂಸ್ಥೆ 1910ರಲ್ಲಿ, ಬೆಳಗಾವಿಯ ಕೆ.ಎಲ್.ಇ. ಸಂಸ್ಥೆ 1916ರಲ್ಲಿ ಆರಂಭವಾದವು. ಆಗ ಕನ್ನಡ ನಾಡಿನ ಯಾವ ಊರಿನಲ್ಲಿಯೂ ಒಂದು ವಿಶ್ವವಿದ್ಯಾಲಯ ನೆಲೆಯೂರಿ ಕಾಲ ಸವೆಸಿರಲಿಲ್ಲ. ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1916ರಲ್ಲಿ. ಹುನಗುಂದ ಮತ್ತು ಇಳಕಲ್ಲಿನಲ್ಲಿ ವಿಜಯ ಮಹಾಂತೇಶರ ಹೆಸರಿನ ವಿದ್ಯಾವರ್ಧಕ ಸಂಘಗಳು ಇದೇ ಪರಂಪರೆಯಲ್ಲಿ ಬೆಳೆದು ಪದವಿ ಕಾಲೇಜುಗಳನ್ನು ನಡೆಸಿಕೊಂಡು ಬಂದಿವೆ.

ಆದ್ದರಿಂದ ಇಲ್ಲಿನ ಕಾಲೇಜಿಗೆ ಊರಿನ ನಂಟು ಹೊಸದಾಗಿ ಕಲಿಸಬೇಕಾದ ಪಾಠವಲ್ಲ. ಸಂಘದ ಪದಾಧಿಕಾರಿಗಳು ಊರಿನವರೇ, ಅಧ್ಯಾಪಕರಲ್ಲಿ ಅನೇಕರು ಅಲ್ಲಿಯೇ ಓದಿದವರು. ಪರೀಕ್ಷೆ, ಪಠ್ಯಕ್ರಮ, ಪದವಿ ಪ್ರಮಾಣಪತ್ರಗಳು ಮಾತ್ರ ದೂರದ ವಿಶ್ವವಿದ್ಯಾಲಯದಿಂದ ಬರುತ್ತವೆ. ಸಮುದಾಯ ಸಹಭಾಗಿತ್ವ ಎಂಬ ತಲೆಬರಹದಡಿ ಕುಲಪತಿಯ ವರದಿಯಲ್ಲಿ ಕಾಣುವ ಹೆಚ್ಚಿನ ಕೆಲಸ ನಡೆಯುವುದು ಇಂಥ ಕಾಲೇಜುಗಳಲ್ಲಿ.

ಉದ್ಯಾನಗಿರಿಯ ಆವರಣ

ಬಾಗಲಕೋಟೆಯ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯ 2008ರ ನವೆಂಬರ್ 22ರಂದು ಸುಗ್ರೀವಾಜ್ಞೆಯ ಮೂಲಕ ಅಸ್ತಿತ್ವಕ್ಕೆ ಬಂದಿತು. 2010ರಲ್ಲಿ ಅದಕ್ಕೆ ಶಾಸನದ ಆಧಾರ ದೊರೆಯಿತು. ಡಾ. ಎಸ್.ಬಿ. ದಂಡಿನ ಮೊದಲ ಕುಲಪತಿಗಳು. ಅದುವರೆಗೆ ಈ ಭಾಗದ ಕೃಷಿ ಮತ್ತು ತೋಟಗಾರಿಕೆ ಶಿಕ್ಷಣವೆರಡೂ 1986ರಲ್ಲಿ ಆರಂಭವಾದ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಆಶ್ರಯದಲ್ಲಿದ್ದವು.

ವಿಶ್ವವಿದ್ಯಾಲಯದ ಕೇಂದ್ರ ಸ್ಥಾನ ಉದ್ಯಾನಗಿರಿ ಇರುವುದು ನವನಗರದಲ್ಲಿ. ಆಲಮಟ್ಟಿ ಜಲಾಶಯದ ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯ ಭಾಗಗಳು ಮುಳುಗಡೆಯಾದಾಗ ಸಂತ್ರಸ್ತರಿಗಾಗಿ ಕಟ್ಟಿದ ಊರು ಇದು. ನೀರಿಗಾಗಿ ಮನೆ, ಹೊಲ ಬಿಟ್ಟುಕೊಟ್ಟವರ ಊರಿನಲ್ಲಿ ನೀರನ್ನೇ ನೆಚ್ಚಿದ ತೋಟಗಾರಿಕೆಯ ವಿದ್ಯೆ ನೆಲೆಗೊಂಡಿದೆ. ಅರಬಾವಿ, ಬೀದರ, ಶಿರಸಿ, ಕೋಲಾರ, ಮುನಿರಾಬಾದ ಮೊದಲಾದೆಡೆ ಇದರ ಮಹಾವಿದ್ಯಾಲಯಗಳಿವೆ. ಹಣ್ಣು, ತರಕಾರಿ, ಹೂವು, ಸಾಂಬಾರ ಮತ್ತು ಔಷಧೀಯ ಬೆಳೆಗಳು, ಕೊಯ್ಲಿನ ನಂತರದ ಸಂಸ್ಕರಣೆ ಇವು ಬೋಧನೆಯ ಮುಖ್ಯ ವಿಭಾಗಗಳು.

ಬಿ.ಎಸ್ಸಿ. ತೋಟಗಾರಿಕೆ ಪದವಿ ನಾಲ್ಕು ವರ್ಷಗಳದ್ದು. ರಾಜ್ಯದಲ್ಲಿ ಕೃಷಿ ಸಂಬಂಧಿ ಪದವಿಗಳ ಸೀಟುಗಳಲ್ಲಿ ರೈತರ ಮಕ್ಕಳಿಗೆ ಮೀಸಲು ಇದೆ. ಶೇ 40ರಷ್ಟಿದ್ದ ಈ ಪಾಲನ್ನು ಬಳಿಕ ಶೇ 50ಕ್ಕೆ ಏರಿಸಲಾಯಿತು. ಈ ಕೋಟಾ ಬಯಸುವವರು ಪ್ರಾಯೋಗಿಕ ಪರೀಕ್ಷೆಯನ್ನೂ ಎದುರಿಸಬೇಕು. ಬೀಜ, ಗಿಡ, ಗೊಬ್ಬರ, ಉಪಕರಣಗಳನ್ನು ಕಂಡು ಗುರುತಿಸುವ ಪರೀಕ್ಷೆ ಅದು. ಹೊಲದಲ್ಲಿ ದುಡಿದ ಅನುಭವಕ್ಕೆ ಅಂಕ ಸಿಗುವ ಅಪರೂಪದ ಸಂದರ್ಭವೆಂದು ಇದನ್ನು ಹೇಳಬಹುದು. ಆವರಣದ ವಸತಿನಿಲಯಗಳಲ್ಲಿ ಇದರಿಂದ ಒಂದು ವಿಶೇಷ ಮಿಶ್ರಣ ಕಾಣುತ್ತದೆ. ಒಂದೇ ಕೋಣೆಯಲ್ಲಿ ದಾಳಿಂಬೆ ಬೆಳೆಗಾರರ ಮಗನೂ ತೋಟವನ್ನು ಮೊದಲ ಬಾರಿಗೆ ಹತ್ತಿರದಿಂದ ನೋಡುವ ಪಟ್ಟಣದ ಹುಡುಗನೂ ಇರಬಹುದು.

ಹಳ್ಳಿಯೇ ತರಗತಿ

ಪದವಿಯ ಕೊನೆಯ ವರ್ಷದಲ್ಲಿ ಬರುವ ಗ್ರಾಮೀಣ ತೋಟಗಾರಿಕಾ ಕಾರ್ಯಾನುಭವವು ಆವರಣದ ಬದುಕನ್ನೂ ಹಳ್ಳಿಯ ಬದುಕನ್ನೂ ಬೆಸೆಯುವ ಮುಖ್ಯ ಕೊಂಡಿ. ವಿದ್ಯಾರ್ಥಿಗಳು ತಂಡವಾಗಿ ಒಂದು ಹಳ್ಳಿಗೆ ತೆರಳಿ ಅಲ್ಲಿಯೇ ವಾಸಿಸುತ್ತಾರೆ. ಪ್ರತಿಯೊಬ್ಬರಿಗೂ ಒಬ್ಬ ಆತಿಥೇಯ ರೈತ. ಆ ರೈತನ ಹೊಲದ ಕೆಲಸದಲ್ಲಿ ಪಾಲ್ಗೊಂಡು, ಖರ್ಚುವೆಚ್ಚ ಬರೆದು, ಮಣ್ಣು ಮತ್ತು ನೀರಿನ ಮಾದರಿ ಪರೀಕ್ಷೆಗೆ ಕಳುಹಿಸಬೇಕು. ಗುಡಿಯ ಅಂಗಳದಲ್ಲಿ ರಂಗೋಲಿ ಪುಡಿಯಿಂದ ಊರಿನ ನಕ್ಷೆ ಬರೆದು ಕೆರೆ, ಬಾವಿ, ಹಳ್ಳ, ಓಣಿ, ಗೋಮಾಳಗಳನ್ನು ಹಿರಿಯರಿಂದಲೇ ಗುರುತಿಸಿಕೊಳ್ಳುವುದು ಇದರ ಒಂದು ಭಾಗ. ಬೀಜೋಪಚಾರ, ಕಸಿ ಕಟ್ಟುವುದು, ಎರೆಹುಳು ಗೊಬ್ಬರ ತಯಾರಿ ಮುಂತಾದವುಗಳ ಪ್ರಾತ್ಯಕ್ಷಿಕೆ ನಡೆಸಿ ಕೊನೆಗೆ ವಸ್ತುಪ್ರದರ್ಶನ ಏರ್ಪಡಿಸುತ್ತಾರೆ. 2015ರಲ್ಲಿ ದೇಶಮಟ್ಟದಲ್ಲಿ ಜಾರಿಗೆ ಬಂದ ಸ್ಟೂಡೆಂಟ್ ರೆಡಿ ಯೋಜನೆ ಈ ಅನುಭವವನ್ನು ಉದ್ಯಮಶೀಲತೆಯ ತರಬೇತಿಯೊಂದಿಗೆ ಜೋಡಿಸಿತು.

ಈ ಪದ್ಧತಿಯ ಬಲ ಮತ್ತು ಮಿತಿ ಎರಡೂ ಒಂದೇ ಜಾಗದಲ್ಲಿವೆ. ವಿದ್ಯಾರ್ಥಿಗೆ ಪುಸ್ತಕದಲ್ಲಿ ಸಿಗದ ಪಾಠ ಸಿಗುತ್ತದೆ. ಹಣವಿಲ್ಲದಾಗ ಔಷಧಿ ಸಿಂಪರಣೆ ಏಕೆ ತಡವಾಗುತ್ತದೆ, ಮಾರುಕಟ್ಟೆ ದರ ಕುಸಿದಾಗ ಈರುಳ್ಳಿ ಹೊಲದಲ್ಲಿಯೇ ಏಕೆ ಉಳಿಯುತ್ತದೆ ಎಂಬುದು ಅಲ್ಲಿ ತಿಳಿಯುತ್ತದೆ. ಆದರೆ ಅವಧಿ ಮುಗಿದ ಮೇಲೆ ತಂಡ ಮರಳುತ್ತದೆ, ಮರುವರ್ಷ ಇನ್ನೊಂದು ತಂಡ ಇನ್ನೊಂದು ಹಳ್ಳಿಗೆ ಹೋಗುತ್ತದೆ. ಬರೆದ ನಕ್ಷೆ, ಪರೀಕ್ಷಿಸಿದ ಮಣ್ಣಿನ ಫಲಿತಾಂಶ, ಪಟ್ಟಿ ಮಾಡಿದ ತೊಂದರೆಗಳು ವಿದ್ಯಾರ್ಥಿಯ ದಾಖಲೆ ಪುಸ್ತಕದಲ್ಲಿ ಉಳಿದರೆ ಪ್ರಯೋಜನ ಅಂಕಗಳಿಗಷ್ಟೇ. ಗ್ರಾಮ ಪಂಚಾಯಿತಿ ಮತ್ತು ರೈತ ಸಂಪರ್ಕ ಕೇಂದ್ರದ ಕೈಗೆ ಅವು ಬಂದರೆ ಊರಿಗೂ ಪ್ರಯೋಜನವುಂಟು.

ದಾಳಿಂಬೆ ಕಲಿಸಿದ ಪಾಠ

ಸಹಭಾಗಿತ್ವ ಏಕೆ ಅನಿವಾರ್ಯ ಎಂಬುದನ್ನು ದಾಳಿಂಬೆಯಷ್ಟು ಸ್ಪಷ್ಟವಾಗಿ ಬೇರಾವ ಬೆಳೆಯೂ ತೋರಿಸಿಲ್ಲ. ಕಡಿಮೆ ನೀರಿನಲ್ಲಿ ಹೆಚ್ಚು ಆದಾಯ ಕೊಡುವ ಬೆಳೆಯೆಂದು ಬಾಗಲಕೋಟೆ, ವಿಜಯಪುರ, ಕೊಪ್ಪಳ ಜಿಲ್ಲೆಗಳ ರೈತರು ಇದನ್ನು ಹಚ್ಚಿಕೊಂಡರು. 2000ದ ದಶಕದಲ್ಲಿ ಹಬ್ಬಿದ ದುಂಡಾಣು ಅಂಗಮಾರಿ ರೋಗ ಅನೇಕ ತೋಟಗಳನ್ನು ಬುಡಸಮೇತ ಕೀಳಿಸಿತು. ಎಲೆಯ ಮೇಲೆ ನೀರಿನಲ್ಲಿ ನೆನೆದಂಥ ಚುಕ್ಕೆ ಮೂಡಿ, ಕಾಯಿಯ ಮೇಲೆ ಕಪ್ಪು ಕಲೆಯಾಗಿ, ಕೊನೆಗೆ ಹಣ್ಣು ಸೀಳುವುದು ಇದರ ಲಕ್ಷಣ. 2005ರಲ್ಲಿ ಸೊಲ್ಲಾಪುರದಲ್ಲಿ ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರ ಆರಂಭವಾಯಿತು. ಮೂರು ವರ್ಷಗಳ ನಂತರ ತೋಟಗಾರಿಕಾ ವಿಶ್ವವಿದ್ಯಾಲಯ ಬಾಗಲಕೋಟೆಯಲ್ಲಿ ತಲೆಯೆತ್ತಿದಾಗ ಜಿಲ್ಲೆಯ ಬೆಳೆಗಾರರ ಮುಂದಿದ್ದ ದೊಡ್ಡ ಪ್ರಶ್ನೆ ಇದೇ ಆಗಿತ್ತು.

ಈ ರೋಗಕ್ಕೆ ಒಂದೇ ಸಿಂಪರಣೆಯ ಪರಿಹಾರವಿಲ್ಲ. ರೋಗಮುಕ್ತ ಸಸಿ ಆರಿಸಬೇಕು. ಚಾಟನಿ ಮಾಡುವ ಕತ್ತರಿಯನ್ನು ಗಿಡದಿಂದ ಗಿಡಕ್ಕೆ ಒಯ್ಯುವಾಗ ಸೋಂಕು ನಿವಾರಕದಲ್ಲಿ ಅದ್ದಬೇಕು. ಉದುರಿದ ಎಲೆ, ಕಾಯಿಗಳನ್ನು ಆರಿಸಿ ಸುಡಬೇಕು. ಶೇ 1ರ ಬೋರ್ಡೋ ದ್ರಾವಣ ಸಿಂಪಡಿಸಬೇಕು. ಕೊಯ್ಲಿನ ನಂತರ ಗಿಡಕ್ಕೆ ವಿಶ್ರಾಂತಿ ಕೊಡಬೇಕು. ಜೂನ್–ಜುಲೈನಲ್ಲಿ ಹೂ ಬಿಡಿಸುವ ಮೃಗ ಬಹಾರದಲ್ಲಿ ಮಳೆಯ ಹನಿಯೊಂದಿಗೆ ರೋಗ ಬೇಗ ಹರಡುತ್ತದೆ. ರೋಗವಿರುವ ತೋಟಗಳಿಗೆ ಸೆಪ್ಟೆಂಬರ್–ಅಕ್ಟೋಬರ್‌ನ ಹಸ್ತ ಬಹಾರ ಹೆಚ್ಚು ಸುರಕ್ಷಿತ.

ಇವೆಲ್ಲವನ್ನೂ ಒಬ್ಬ ರೈತ ಅಚ್ಚುಕಟ್ಟಾಗಿ ಪಾಲಿಸಿದರೂ ಪಕ್ಕದ ತೋಟದ ಕಸ ಹಾಗೆಯೇ ಬಿದ್ದಿದ್ದರೆ ಗಾಳಿಮಳೆ ರೋಗವನ್ನು ಬದುವಿನಾಚೆಗೆ ದಾಟಿಸುತ್ತದೆ. ಊರಿಂದೂರಿಗೆ ತಿರುಗುವ ಚಾಟನಿ ತಂಡದ ಕತ್ತರಿಯೂ ಅದೇ ಕೆಲಸ ಮಾಡುತ್ತದೆ. ಆದ್ದರಿಂದ ಇಲ್ಲಿ ತಿಳಿವಳಿಕೆ ತಲುಪಬೇಕಾದುದು ಪ್ರಗತಿಪರ ರೈತರೊಬ್ಬರಿಗಲ್ಲ, ಇಡೀ ಊರಿಗೆ. ಅದರಲ್ಲೂ ಕೂಲಿಗೆ ಬರುವ ಚಾಟನಿ ಕೆಲಸಗಾರರಿಗೆ. ತೋಟಗಾರಿಕೆ ಮೇಳಕ್ಕೆ ಬಂದವರ ಸಂಖ್ಯೆಯನ್ನು ವರದಿಯಲ್ಲಿ ಬರೆಯುವುದು ಸುಲಭ. ಒಂದು ಊರಿನ ಎಲ್ಲ ತೋಟಗಳೂ ಒಟ್ಟಾಗಿ ಬಹಾರ ಬದಲಿಸಿದವೇ ಎಂದು ಬರೆಯಲು ಆ ಊರಿಗೆ ಮತ್ತೆ ಮತ್ತೆ ಹೋಗಬೇಕಾಗುತ್ತದೆ.

ಪೈಪು ಬಂದ ಮೇಲೆ

ಹುನಗುಂದ ಸೀಮೆಯ ರಾಮಥಾಳ–ಮರೋಳ ಹನಿ ನೀರಾವರಿ ಯೋಜನೆ ಇದೇ ಪ್ರಶ್ನೆಯನ್ನು ದೊಡ್ಡ ಪ್ರಮಾಣದಲ್ಲಿ ಮುಂದಿಟ್ಟಿತು. ಕೃಷ್ಣಾ ಭಾಗ್ಯ ಜಲ ನಿಗಮ 2010ರ ದಶಕದಲ್ಲಿ ಕೈಗೊಂಡ ಈ ಯೋಜನೆ ನಾರಾಯಣಪುರ ಜಲಾಶಯದ ಹಿನ್ನೀರನ್ನು ಎತ್ತಿ ಸುಮಾರು 24,000 ಹೆಕ್ಟೇರ್ ಒಣಭೂಮಿಗೆ ಹನಿ ನೀರಾವರಿಯ ಮೂಲಕ ಉಣಿಸುವ ಉದ್ದೇಶದ್ದು. ಏಷ್ಯಾದ ಅತಿ ದೊಡ್ಡ ಸಮುದಾಯ ಹನಿ ನೀರಾವರಿ ಯೋಜನೆಗಳಲ್ಲಿ ಒಂದೆಂದು ಅದು ಹೆಸರಾಯಿತು. ಕಾಲುವೆಯಿಲ್ಲದೆ ನೆಲದಡಿಯ ಪೈಪುಗಳಲ್ಲಿ ಪ್ರತಿ ಹೊಲಕ್ಕೂ ಪಾಳಿಯಂತೆ ನೀರು ಬಿಡುವುದು ಅದರ ವಿಧಾನ.

ಯಂತ್ರ, ಕವಾಟ, ಪೈಪುಗಳ ಜೋಡಣೆ ಎಂಜಿನಿಯರುಗಳ ಕೆಲಸ. ಅದಾದ ಮೇಲಿನ ಪ್ರಶ್ನೆಗಳು ಬೇರೆ. ತಲೆತಲಾಂತರದಿಂದ ಮಳೆಯಾಶ್ರಯದಲ್ಲಿ ಜೋಳ, ಕಡಲೆ ಬೆಳೆದ ರೈತ ಹನಿ ನೀರಿಗೆ ಯಾವ ಬೆಳೆ ಆರಿಸಬೇಕು? ಉಳುಮೆಯಲ್ಲಿ ಕಿತ್ತುಹೋಗುವ, ಇಲಿ ಕಡಿಯುವ ಸಣ್ಣ ಪೈಪುಗಳನ್ನು ಯಾರು ಸರಿಪಡಿಸಬೇಕು? ಪಾಳಿ ತಪ್ಪಿದರೆ ಯಾರನ್ನು ಕೇಳಬೇಕು? ಬೆಳೆದ ತರಕಾರಿಯನ್ನು ಎಲ್ಲಿ ಮಾರಬೇಕು? ಪೈಪುಗಳು ಹಾನಿಗೀಡಾಗಿವೆ, ನೀರು ಸರಿಯಾಗಿ ತಲುಪುತ್ತಿಲ್ಲ ಎಂಬ ದೂರುಗಳು ನಂತರದ ವರ್ಷಗಳಲ್ಲಿ ರೈತರಿಂದ ಕೇಳಿಬಂದವು. ನೀರು ಬಳಕೆದಾರರ ಸಂಘ, ಬೆಳೆ ಯೋಜನೆ, ಮಾರುಕಟ್ಟೆ ಇವು ಪೈಪಿನಷ್ಟೇ ಮುಖ್ಯವಾದ ಅಂಗಗಳೆಂಬುದನ್ನು ಈ ಅನುಭವ ತೋರಿಸುತ್ತದೆ. ತೋಟಗಾರಿಕಾ ಪದವೀಧರನಿಗೆ ಇದಕ್ಕಿಂತ ದೊಡ್ಡ ತರಗತಿ ಸಿಗಲಾರದು.

ಕಲಿಕೆ ಒಮ್ಮುಖವಾದುದೂ ಅಲ್ಲ. ಇಳಿಜಾರಿಗೆ ಅಡ್ಡಲಾಗಿ ಒಡ್ಡು ಹಾಕಿ, ಹೆಚ್ಚಾದ ನೀರು ಮಣ್ಣನ್ನು ಕೊಚ್ಚದಂತೆ ಕಲ್ಲಿನ ಕೋಡಿ ಕಟ್ಟಿ, ಒಂದೆರಡು ಒಳ್ಳೆಯ ಮಳೆಯ ತೇವದಲ್ಲಿಯೇ ಹಿಂಗಾರಿ ಬೆಳೆ ತೆಗೆಯುವ ಜಾಣ್ಮೆ ಹುನಗುಂದದ ಎರೆಭೂಮಿಯ ರೈತರಿಗೆ ಪರಂಪರೆಯಿಂದ ಬಂದಿದೆ. ಒಣಬೇಸಾಯದ ತಜ್ಞರು ಹುಡುಕಿಕೊಂಡು ಬಂದು ನೋಡಬೇಕಾದ ವಿದ್ಯೆ ಇದು.

ಕಾಲೇಜು, ಶಿಬಿರ, ಜೋಳಿಗೆ

ಕಲೆ, ವಿಜ್ಞಾನ, ವಾಣಿಜ್ಯ ಕಾಲೇಜುಗಳಲ್ಲಿ ಊರಿನ ನಂಟಿನ ಮುಖ್ಯ ದಾರಿ ರಾಷ್ಟ್ರೀಯ ಸೇವಾ ಯೋಜನೆ. 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾಲಯಗಳಲ್ಲಿ ಆರಂಭವಾದ ಈ ಯೋಜನೆಯಲ್ಲಿ ಸ್ವಯಂಸೇವಕರು ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷ ಸೇವೆ ಸಲ್ಲಿಸಿ, ದತ್ತು ಗ್ರಾಮದಲ್ಲಿ ಏಳು ದಿನಗಳ ವಿಶೇಷ ಶಿಬಿರದಲ್ಲಿ ಭಾಗವಹಿಸಬೇಕು. 2014ರಲ್ಲಿ ಬಂದ ಉನ್ನತ ಭಾರತ ಅಭಿಯಾನ ಪ್ರತಿ ಸಂಸ್ಥೆಯೂ ಐದು ಹಳ್ಳಿಗಳನ್ನು ಆರಿಸಿಕೊಳ್ಳಬೇಕೆಂದಿತು. ನ್ಯಾಕ್ ಮೌಲ್ಯಮಾಪನದಲ್ಲಿಯೂ ವಿಸ್ತರಣಾ ಚಟುವಟಿಕೆಗಳಿಗೆ ಸ್ಥಾನವಿರುವುದರಿಂದ ಕಾಲೇಜುಗಳು ಇವುಗಳ ಛಾಯಾಚಿತ್ರ ಮತ್ತು ಹಾಜರಿಯನ್ನು ಜೋಪಾನವಾಗಿ ಇಡುತ್ತವೆ. ದಾಖಲೆಗಾಗಿ ನಡೆಯುವ ಶಿಬಿರಕ್ಕೂ ಊರಿಗಾಗಿ ನಡೆಯುವ ಶಿಬಿರಕ್ಕೂ ಇರುವ ವ್ಯತ್ಯಾಸ ಛಾಯಾಚಿತ್ರದಲ್ಲಿ ಕಾಣುವುದಿಲ್ಲ.

ಈ ಸೀಮೆಯಲ್ಲಿಯೇ ಹುಟ್ಟಿದ ಒಂದು ಆಂದೋಲನ ಇಲ್ಲಿ ಹೋಲಿಕೆಗೆ ಒದಗುತ್ತದೆ. ಇಳಕಲ್ಲಿನ ಡಾ. ಮಹಾಂತ ಸ್ವಾಮೀಜಿ 1975ರಲ್ಲಿ ಆರಂಭಿಸಿದ ಮಹಾಂತ ಜೋಳಿಗೆ ಕಾರ್ಯಕ್ರಮದಲ್ಲಿ ಅವರು ಓಣಿ ಓಣಿಗೆ ನಡೆದು ಜನರ ದುಶ್ಚಟಗಳನ್ನು ಭಿಕ್ಷೆಯಾಗಿ ಬೇಡುತ್ತಿದ್ದರು. 2018ರಲ್ಲಿ ಅವರು ಲಿಂಗೈಕ್ಯರಾಗುವವರೆಗೂ ಅದು ಮುಂದುವರಿಯಿತು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವೆಂದು ಘೋಷಿಸಿದ್ದು, ಕಾಲೇಜುಗಳು ಅದನ್ನು ಆಚರಿಸುತ್ತವೆ. ಒಂದು ದಿನದ ಆಚರಣೆ ಮತ್ತು ನಾಲ್ಕು ದಶಕಗಳ ನಡಿಗೆ ಇವೆರಡರಲ್ಲಿ ಜನರನ್ನು ಬದಲಿಸಿದ್ದು ಯಾವುದೆಂದು ಕೇಳಿಕೊಂಡರೆ ಸಹಭಾಗಿತ್ವದ ಗುಟ್ಟು ತಿಳಿಯುತ್ತದೆ.

ಹೊಸ ವಿಶ್ವವಿದ್ಯಾಲಯದ ಅಳಿವು ಉಳಿವು

2025ರ ಫೆಬ್ರುವರಿಯಲ್ಲಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ನೇತೃತ್ವದ ಸಚಿವ ಸಂಪುಟ ಉಪಸಮಿತಿ ಇತ್ತೀಚಿನ ವರ್ಷಗಳಲ್ಲಿ ಆರಂಭವಾದ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚಿ ಹಳೆಯ ವಿಶ್ವವಿದ್ಯಾಲಯಗಳಲ್ಲಿ ವಿಲೀನಗೊಳಿಸಲು ಶಿಫಾರಸು ಮಾಡಿತು. ಬಾಗಲಕೋಟೆ ವಿಶ್ವವಿದ್ಯಾಲಯ ಆ ಪಟ್ಟಿಯಲ್ಲಿತ್ತು. ಹಣ, ಭೂಮಿ, ಬೋಧಕ ಸಿಬ್ಬಂದಿಯ ಕೊರತೆ ಇದಕ್ಕೆ ಕೊಟ್ಟ ಕಾರಣ. ವಿರೋಧ ಪಕ್ಷದವರೂ ವಿದ್ಯಾರ್ಥಿ ಸಂಘಟನೆಗಳೂ ಇದನ್ನು ವಿರೋಧಿಸಿದರು. ಹಿಂದುಳಿದ ಜಿಲ್ಲೆಗಳ ಮಕ್ಕಳಿಗೆ, ವಿಶೇಷವಾಗಿ ದೂರ ಕಳುಹಿಸಲು ಮನೆಯವರು ಹಿಂಜರಿಯುವ ಹೆಣ್ಣುಮಕ್ಕಳಿಗೆ ಸ್ನಾತಕೋತ್ತರ ಶಿಕ್ಷಣ ಮತ್ತೆ ದೂರವಾಗುತ್ತದೆ ಎಂಬುದು ಅವರ ವಾದದ ತಿರುಳು.

ಎರಡೂ ವಾದಗಳಲ್ಲಿ ಸತ್ಯವಿದೆ. ಕಾಯಂ ಅಧ್ಯಾಪಕರಿಲ್ಲದ, ಪ್ರಯೋಗಾಲಯವಿಲ್ಲದ ವಿಶ್ವವಿದ್ಯಾಲಯ ಹತ್ತಿರದಲ್ಲಿದ್ದರೂ ಪದವಿಯ ಬೆಲೆ ಏರುವುದಿಲ್ಲ. ಇನ್ನೊಂದೆಡೆ ಧಾರವಾಡದಿಂದ ಬೆಳಗಾವಿಗೆ, ಬೆಳಗಾವಿಯಿಂದ ಜಮಖಂಡಿಗೆ ಹೀಗೆ ಕಡತಗಳು ವರ್ಗವಾದಂತೆಲ್ಲ ಅಂಕಪಟ್ಟಿಯ ತಿದ್ದುಪಡಿಗೆ, ಪದವಿ ಪ್ರಮಾಣಪತ್ರಕ್ಕೆ ಅಲೆಯಬೇಕಾದವರು ಹುನಗುಂದದಂಥ ಊರಿನ ವಿದ್ಯಾರ್ಥಿಗಳೇ.

ವರದಿಯನ್ನು ಓದುವ ಬಗೆ

ಕುಲಪತಿಯ ವರದಿ ಕೈಗೆ ಬಂದಾಗ ಸಾರ್ವಜನಿಕರು ಕೇಳಬಹುದಾದ ಪ್ರಶ್ನೆಗಳು ಸರಳವಾಗಿವೆ. ಕಳೆದ ವರ್ಷ ದತ್ತು ಪಡೆದ ಗ್ರಾಮದ ಹೆಸರು ಈ ವರ್ಷದ ವರದಿಯಲ್ಲಿಯೂ ಇದೆಯೇ? ವಿದ್ಯಾರ್ಥಿಗಳು ಸಿದ್ಧಪಡಿಸಿದ ಊರಿನ ದಾಖಲೆ ಪಂಚಾಯಿತಿಗೆ ಸೇರಿತೇ? ಒಡಂಬಡಿಕೆಯ ಅವಧಿ ಮುಗಿದ ಮೇಲೂ ನಡೆದ ಕೆಲಸ ಯಾವುದು? ರೈತರು ತಂದ ಯಾವ ತೊಂದರೆ ಸಂಶೋಧನೆಯ ವಿಷಯವಾಯಿತು? ಮಂಜೂರಾದ ಬೋಧಕ ಹುದ್ದೆಗಳಲ್ಲಿ ಎಷ್ಟು ತುಂಬಿವೆ? ಕೊನೆಯ ಪ್ರಶ್ನೆ ಆವರಣಕ್ಕೆ ಸೇರಿದ್ದೆನಿಸಿದರೂ ಹಳ್ಳಿಗೂ ಸೇರಿದ್ದೇ. ಪ್ರತಿ ವರ್ಷ ಬದಲಾಗುವ ಅತಿಥಿ ಉಪನ್ಯಾಸಕರನ್ನು ನೆಚ್ಚಿ ಒಂದು ಊರಿನೊಡನೆ ಹತ್ತು ವರ್ಷಗಳ ನಂಟು ಬೆಳೆಸಲಾಗುವುದಿಲ್ಲ.

ಉದ್ಯಾನಗಿರಿ ಮತ್ತು ಜಮಖಂಡಿ ಹುನಗುಂದದಿಂದ ಎಷ್ಟು ದೂರದಲ್ಲಿವೆ ಎಂಬುದನ್ನು ರಸ್ತೆಯ ಕಲ್ಲುಗಳು ಹೇಳುತ್ತವೆ. ವಿಶ್ವವಿದ್ಯಾಲಯ ಎಷ್ಟು ಹತ್ತಿರವಿದೆ ಎಂಬುದನ್ನು ಹೇಳಬಲ್ಲವನು, ದಾಳಿಂಬೆಯ ಎಲೆಯಲ್ಲಿ ಚುಕ್ಕೆ ಕಂಡ ದಿನ ಯಾರಿಗೆ ಫೋನ್ ಮಾಡಬೇಕೆಂದು ಗೊತ್ತಿರುವ ರೈತ.